ಫೋನಿಗೆ ಮುಂಗಡ, ಅಂಗಡಿಗೆ ಉದ್ರಿ



ಕಾಯಕದ ಬಗ್ಗೆ ನಮ್ಮಲ್ಲಿ ಆಗುವಷ್ಟು ಉಪನ್ಯಾಸ ಬೇರೆಲ್ಲೂ ಆಗಲಿಕ್ಕಿಲ್ಲ. ಬಸವ ಜಯಂತಿಗೆ ಒಂದು, ಶ್ರಾವಣದ ಪ್ರವಚನಕ್ಕೆ ದಿನಕ್ಕೊಂದು, ಶರಣ ಸಂಗಮ ಬಂದರೆ ಇನ್ನಷ್ಟು. ಆದರೆ ಕಾಯಕ ಮಾಡುವವನ ಕೈಗೆ ಸಾಮಾನು ಎಲ್ಲಿಂದ ಬರುತ್ತದೆ, ಅದನ್ನು ಕೊಡುವ ಅಂಗಡಿ ಇಂದು ಯಾವ ಸ್ಥಿತಿಯಲ್ಲಿದೆ ಎಂದು ವೇದಿಕೆಯ ಮೇಲೆ ಕೇಳಿದವರನ್ನು ನಾನು ಕಂಡಿಲ್ಲ. ಕಾರವಾರ ಮತ್ತು ಅಂಕೋಲಾದಲ್ಲಿ ಬಡಗಿಗೆ ಬೇಕಾದ ಉಳಿ, ಗರಗಸ, ಮೊಳೆ, ಸ್ಕ್ರೂ, ಬಿಜಾಗರಿ, ಚಿಲಕ, ಅಂಟು, ಪಾಲಿಶ್ ಮಾರುವ ಅಂಗಡಿಗಳು ಸೊರಗುತ್ತಿವೆ. ಕೆಲವರು ಬಣ್ಣ, ಪೈಪು ಮಾರುವ ಕಡೆ ಹೊರಳಿದ್ದಾರೆ. ಕೆಲವರು ಬಾಗಿಲು ಹಾಕಿದ್ದಾರೆ. ಉಳಿದವರ ಕಪಾಟಿನಲ್ಲಿ ಬಡಗಿಯ ಸಾಮಾನಿನ ಜಾಗ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಇದಕ್ಕೆ ಕಾಲಧರ್ಮ ಎಂದು ಹೆಸರಿಟ್ಟು ಕೈ ತೊಳೆದುಕೊಳ್ಳಲು ನಮಗೆ ಹಕ್ಕಿಲ್ಲ ಎಂಬುದೇ ನನ್ನ ವಾದ. ಇದರಲ್ಲಿ ಭಕ್ತರಾದ ನಮ್ಮ ಪಾಲಿದೆ, ನಮ್ಮ ಸಂಸ್ಥೆಗಳ ಪಾಲೂ ಇದೆ.

12ನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯ ಎಂಬುವರಿದ್ದರು. ಅವರ ಪತ್ನಿ ಕಾಳವ್ವೆಯೂ ವಚನಕಾರ್ತಿ. ಬಾಚಿ ಎಂದರೆ ಬಡಗಿ ಮರ ಕೆತ್ತುವ ಸಾಧನ. ಶರಣನ ಹೆಸರಿನೊಳಗೇ ಅವನ ಉಪಕರಣ ಸೇರಿಕೊಂಡಿದೆ. ಮೇದಾರ ಕೇತಯ್ಯನವರಿಗೆ ಬಿದಿರು, ನುಲಿಯ ಚಂದಯ್ಯನವರಿಗೆ ಹಗ್ಗದ ಹುಲ್ಲು, ಅಂಬಿಗರ ಚೌಡಯ್ಯನವರಿಗೆ ದೋಣಿ. ಕಾಯಕವೆಂಬುದು ಗಾಳಿಯಲ್ಲಿ ನಡೆಯುವುದಿಲ್ಲ. ಅದಕ್ಕೆ ಹತಾರ ಬೇಕು, ಕಚ್ಚಾ ಮಾಲು ಬೇಕು, ಅವೆರಡನ್ನೂ ಬೇಕಾದ ದಿನ ಬೇಕಾದಷ್ಟೇ ಕೊಡುವ ಒಂದು ಬಾಗಿಲು ಬೇಕು. ನಮ್ಮ ಪಟ್ಟಣಗಳಲ್ಲಿ ಆ ಬಾಗಿಲು ಬಡಗಿ ಸಾಮಾನಿನ ಅಂಗಡಿಯದು.

ಆ ಅಂಗಡಿ ಏನು ಮಾಡುತ್ತದೆ ಎಂದು ಮೊದಲು ನೋಡೋಣ. ಹನ್ನೆರಡು ಸ್ಕ್ರೂ ಬೇಕೆಂದರೆ ಹನ್ನೆರಡೇ ಎಣಿಸಿ ಕೊಡುತ್ತದೆ. ಅಳತೆ ತಪ್ಪಿದರೆ ಸಂಜೆ ಬದಲಾಯಿಸಿ ಕೊಡುತ್ತದೆ. ಮನೆಯವರು ಹಳೆಯ ಚಿಲಕವನ್ನು ಕಿತ್ತುಕೊಂಡು ಹೋಗಿ ಗಲ್ಲೆಯ ಮೇಲಿಟ್ಟರೆ, ಅದೇ ಅಳತೆಯದನ್ನು ಹುಡುಕಿ ತೆಗೆಯುತ್ತದೆ. ಒಳ್ಳೆಯ ಬಡಗಿ ಯಾರಿದ್ದಾರೆ ಎಂದು ಕೇಳಿದರೆ ಹೆಸರು ಹೇಳುತ್ತದೆ. ಹೀಗೆ ಎಷ್ಟೋ ಬಡಗಿಗಳಿಗೆ ಕೆಲಸ ಸಿಗುವುದೇ ಅಂಗಡಿಯ ಮೆಟ್ಟಿಲ ಮೇಲೆ. ಕೆಲಸ ಮುಗಿದು ಹಣ ಕೈಗೆ ಬರುವ ತನಕ ಉದ್ರಿ ಬರೆದುಕೊಳ್ಳುತ್ತದೆ. ಅಂಕೋಲಾದ ಒಬ್ಬ ಹಿರಿಯ ಮೇಸ್ತ್ರಿಯನ್ನು, ಉಳಿಯನ್ನೂ ಫೋನಿನಲ್ಲೇ ತರಿಸಬಹುದಲ್ಲ ಎಂದು ಕೇಳಿದೆ. ಅವರು ನಕ್ಕು ಹೇಳಿದರು: "ಉಳಿ ಕೈಲಿ ಹಿಡ್ದು ನೋಡ್ಬೇಕು ಸಾಹೇಬ್ರೆ. ಅದ್ರ ತೂಕ ಫೋನಲ್ಲಿ ಕಾಣ್ತದ್ಯಾ?"

ನಮ್ಮ ಕರಾವಳಿಯಲ್ಲಿ ಈ ಅಂಗಡಿಯ ತಿಳಿವಳಿಕೆಗೆ ಇನ್ನೂ ಹೆಚ್ಚಿನ ಬೆಲೆಯಿದೆ. ಸರ್ಕಾರಿ ಕಟ್ಟಡಗಳ ಕೆಲಸ ನೋಡಿಕೊಂಡು ನಿವೃತ್ತನಾದ ಇಂಜಿನಿಯರ್ ನಾನು, ಇದನ್ನು ಲೆಕ್ಕ ಸಮೇತ ಹೇಳಬಲ್ಲೆ. ಇಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಗಾಳಿಯಲ್ಲಿ ಉಪ್ಪು. ಮರವು ತೇವ ಕುಡಿದಾಗ ಉದ್ದಕ್ಕೆ ಹಿಗ್ಗುವುದು ತೀರ ಕಡಿಮೆ, ಅಡ್ಡಕ್ಕೆ ಹಿಗ್ಗುವುದು ಹೆಚ್ಚು. ಆದ್ದರಿಂದಲೇ ಆಷಾಢದಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 287 ದೇಶವನ್ನು ಹವೆಯ ತೇವಾಂಶದ ಆಧಾರದ ಮೇಲೆ ನಾಲ್ಕು ವಲಯಗಳಾಗಿ ವಿಂಗಡಿಸಿ, ಯಾವ ವಲಯದಲ್ಲಿ ಮರದೊಳಗೆ ಎಷ್ಟು ನೀರಿರಬಹುದು ಎಂದು ಹೇಳಿರುವುದು ಇದಕ್ಕಾಗಿಯೇ. ಒಣ ಹವೆಯ ಊರಿಗೆ ಹದಮಾಡಿದ ಬಾಗಿಲು ಕಾರವಾರಕ್ಕೆ ಬಂದರೆ ಮೊದಲ ಮಳೆಗಾಲದಲ್ಲೇ ಕೈಕೊಡುತ್ತದೆ. ಹಿತ್ತಾಳೆಯ ಬಿಜಾಗರಿಗೆ ಕಬ್ಬಿಣದ ಸ್ಕ್ರೂ ಹಾಕಿದರೆ ಉಪ್ಪು ಗಾಳಿಯಲ್ಲಿ ಸ್ಕ್ರೂ ಬೇಗ ತಿಂದು ಹೋಗುತ್ತದೆ, ಬಾಗಿಲು ಜೋತು ಬೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಎಲ್ಲವೂ ಒಂದೇ ಅಲ್ಲ. 304 ದರ್ಜೆಗಿಂತ 316 ದರ್ಜೆಯದರಲ್ಲಿ ಮಾಲಿಬ್ಡಿನಮ್ ಇರುವುದರಿಂದ ಅದು ಉಪ್ಪಿಗೆ ಹೆಚ್ಚು ತಡೆಯುತ್ತದೆ. ಪ್ಲೈವುಡ್ಡಿನಲ್ಲಿ ಐ.ಎಸ್. 710 ಎಂಬ ಮರೈನ್ ದರ್ಜೆಯದು 72 ಗಂಟೆ ಕುದಿನೀರಿನ ಪರೀಕ್ಷೆ ತಡೆಯಬೇಕು. ಸಾಧಾರಣ ಪ್ಲೈವುಡ್ಡಿಗೆ ಆ ಕಟ್ಟುಪಾಡಿಲ್ಲ. ಫೋನಿನ ಪರದೆಯಲ್ಲಿ 'ಸ್ಟೇನ್‌ಲೆಸ್', 'ವಾಟರ್‌ಪ್ರೂಫ್' ಎಂಬ ಪದಗಳು ದೊಡ್ಡದಾಗಿ ಕಾಣುತ್ತವೆ. ದರ್ಜೆ ಯಾವುದೆಂದು ಹುಡುಕಿದರೆ ಅನೇಕ ಸಲ ಸಿಗುವುದಿಲ್ಲ. ಮೂವತ್ತು ವರ್ಷ ಇದೇ ಗಾಳಿಯಲ್ಲಿ ವ್ಯಾಪಾರ ಮಾಡಿದ ಅಂಗಡಿಯವನು ಮಾತ್ರ, "ಮನೆ ಸಮುದ್ರದ ಬದಿಗಾ, ಒಳಗಾ?" ಎಂದು ಮೊದಲು ಕೇಳಿ ಆಮೇಲೆ ಡಬ್ಬಿ ತೆಗೆಯುತ್ತಾನೆ. ಈ ಒಂದು ಪ್ರಶ್ನೆಗೆ ಯಾರೂ ಬೆಲೆ ಕಟ್ಟುವುದಿಲ್ಲ, ಬಿಲ್ಲಿನಲ್ಲೂ ಬರೆಯುವುದಿಲ್ಲ.

2024ರ ಮಳೆಗಾಲ ಇನ್ನೊಂದು ಪಾಠ ಕಲಿಸಿತು. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತು. ಆಗಸ್ಟ್ 7ರ ನಸುಕಿಗೆ ಮುಂಚೆ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಹಂಚಿನ ಮಾಡು ಸೋರುವುದು ಇಂಥದೇ ದಿನಗಳಲ್ಲಿ. ರೀಪು, ಪಕ್ಕಾಸು, ಮೊಳೆ ಬೇಕಾಗುವುದೂ ಆಗಲೇ. ರಸ್ತೆ ಮುಚ್ಚಿದಾಗ ದೂರದ ಗೋದಾಮಿನಲ್ಲಿ ಲಕ್ಷ ಮೊಳೆ ಇದ್ದರೂ ನಮಗೆ ಒಂದೂ ಇಲ್ಲ. ಊರಿನೊಳಗಿನ ದಾಸ್ತಾನು ಮಾತ್ರ ನಮ್ಮದು. ಹಿಂದೆ ಊರಿಗೊಂದು ಧಾನ್ಯದ ಹಗೇವು ಇರುತ್ತಿದ್ದ ಹಾಗೆ ಈ ಅಂಗಡಿಗಳು.

ಹಾಗಿದ್ದರೆ ಅವು ಸೊರಗುವುದೇಕೆ? ಲೆಕ್ಕ ಸರಳವಾಗಿದೆ. ಅಂಗಡಿಯಲ್ಲಿ ಎರಡು ಬಗೆಯ ಸಾಮಾನು ಇರುತ್ತದೆ. ಒಂದು, ಬೇಗ ಖರ್ಚಾಗಿ ಲಾಭ ಕೊಡುವಂಥದು: ಡ್ರಿಲ್ ಯಂತ್ರ, ಬೀಗ, ಅಲಂಕಾರದ ಹಿಡಿಕೆ. ಇದನ್ನು ಕೊಳ್ಳುವವರು ಹೆಚ್ಚಾಗಿ ಮನೆಯ ಯಜಮಾನರು, ಸಂಸ್ಥೆಗಳು, ಅಂದರೆ ನಾವು. ಇನ್ನೊಂದು, ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಯಾರಾದರೂ ಕೇಳುವಂಥದು: ಕಾಲಿಂಚಿನ ಉಳಿ, ಕೀಸುಳಿಯ ಅಲಗು, ಬೈರಿಗೆಯ ಮೊನೆ, ಅಪರೂಪದ ಅಳತೆಯ ಹಿತ್ತಾಳೆ ಸ್ಕ್ರೂ. ಇದನ್ನು ಕೊಳ್ಳುವವನು ಬಡಗಿ. ಎರಡನೆಯ ಬಗೆಯ ಸಾಮಾನು ಕಪಾಟಿನಲ್ಲಿ ವರ್ಷಗಟ್ಟಲೆ ಕುಳಿತು ಬಂಡವಾಳ ತಿನ್ನುತ್ತದೆ. ಮೊದಲನೆಯದರ ಲಾಭದಿಂದ ಎರಡನೆಯದನ್ನು ಸಾಕುವುದೇ ಈ ವ್ಯಾಪಾರದ ಗುಟ್ಟು. ಆನ್‌ಲೈನ್ ವ್ಯಾಪಾರ ಕಿತ್ತುಕೊಂಡದ್ದು ಮೊದಲನೆಯದನ್ನು. ನಾವು ಬೀಗ ಮತ್ತು ಡ್ರಿಲ್ ಯಂತ್ರವನ್ನು ಫೋನಿನಲ್ಲಿ ಕೊಂಡೆವು. ಅಂಗಡಿಗೆ ಉಳಿದದ್ದು ಹನ್ನೆರಡು ಸ್ಕ್ರೂವಿನ ಗಿರಾಕಿ ಮಾತ್ರ. ಕಂಬ ತೆಗೆದು ತೊಲೆ ನಿಲ್ಲಲಿ ಎಂದರೆ ಯಾವ ಇಂಜಿನಿಯರೂ ಒಪ್ಪುವುದಿಲ್ಲ.

ಅಂಗಡಿ ಮುಚ್ಚಿದ ಮೇಲೆ ನಷ್ಟ ಯಾರಿಗೆ? ನಮಗಲ್ಲ, ನಮಗೆ ಫೋನಿದೆ. ಬಡಗಿ ಹನ್ನೆರಡು ಸ್ಕ್ರೂ ಬೇಕಾದಲ್ಲಿ ನೂರರ ಪೊಟ್ಟಣ ತರಿಸಬೇಕು. ಅದು ಬರುವ ತನಕ ಮೂರು-ನಾಲ್ಕು ದಿನ ಕೆಲಸ ನಿಲ್ಲಿಸಬೇಕು. ಅಷ್ಟು ದಿನದ ದುಡಿಮೆ ಹೋದ ಮೇಲೆ ಐವತ್ತು ರೂಪಾಯಿಯ ರಿಯಾಯಿತಿ ಯಾವ ಮೂಲೆಗೆ? ಇಲ್ಲವೇ ಬಸ್ಸು ಹತ್ತಿ ಹುಬ್ಬಳ್ಳಿಗೋ ಮಡಗಾಂವಿಗೋ ಹೋಗಬೇಕು. ನಮ್ಮ ಉಳಿತಾಯದ ಬಿಲ್ಲನ್ನು ಹೀಗೆ ನಾವು ಅವನ ಹೆಸರಿಗೆ ಬರೆದಂತಾಯಿತು.

ಈ ರಿಯಾಯಿತಿ ಎಲ್ಲಿಂದ ಬರುತ್ತದೆ ಎಂದೂ ಕೇಳಬೇಕು. ದೆಹಲಿಯ ವ್ಯಾಪಾರಿಗಳ ಸಂಘಟನೆಯೊಂದರ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2020ರ ಜನವರಿಯಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಕುರಿತು ತನಿಖೆಗೆ ಆದೇಶಿಸಿತು. ಆಯ್ದ ಮಾರಾಟಗಾರರಿಗೆ ಆದ್ಯತೆ, ವಿಪರೀತ ರಿಯಾಯಿತಿ ಎಂಬುದು ದೂರಿನ ತಿರುಳು. ಕಂಪನಿಗಳು ತನಿಖೆಯನ್ನೇ ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿಗೆ ಬಂದವು. 2021ರ ಜೂನ್‌ನಲ್ಲಿ ಏಕಸದಸ್ಯ ಪೀಠ, ಜುಲೈನಲ್ಲಿ ವಿಭಾಗೀಯ ಪೀಠ ಅವುಗಳ ಮನವಿ ತಳ್ಳಿಹಾಕಿದವು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸಹ ತನಿಖೆಗೆ ಅಡ್ಡ ಬರಲಿಲ್ಲ. ಆ ದೂರು ಮುಖ್ಯವಾಗಿ ಮೊಬೈಲ್ ಫೋನುಗಳ ಮಾರಾಟದ್ದು, ಬಿಜಾಗರಿಯದ್ದಲ್ಲ, ನಿಜ. ಆದರೆ ಅದು ಎತ್ತಿದ ಪ್ರಶ್ನೆ ನಮ್ಮ ಪೇಟೆಗೂ ಸಲ್ಲುತ್ತದೆ. ನಷ್ಟ ತಾಳಬಲ್ಲ ದೊಡ್ಡ ಬಂಡವಾಳದ ಎದುರು, ನಷ್ಟ ತಾಳಲಾರದ ಒಬ್ಬ ಅಂಗಡಿಕಾರ ಎಷ್ಟು ದಿನ ನಿಂತಾನು?

ಶರಣರ ಕಥೆಯೊಂದು ನಮಗೆಲ್ಲ ಗೊತ್ತು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಸಂತೋಷಪಡಲಿಲ್ಲ. ಈ ಹೆಚ್ಚಿನ ಅಕ್ಕಿ ನಮಗೆ ಸಲ್ಲದು, ತಂದಲ್ಲಿಗೇ ಒಯ್ದು ಹಾಕಿ ಎಂದು ಗಂಡನನ್ನು ತಿರುಗಿ ಕಳಿಸಿದರು. ಈ ಪ್ರಸಂಗವನ್ನು ಪ್ರವಚನದಲ್ಲಿ ಕೇಳಿ ಕಣ್ಣು ಒರೆಸಿಕೊಳ್ಳುವ ನಾವು, ಮನೆಗೆ ಬಂದು ರಿಯಾಯಿತಿಯ ಗಳಿಗೆ ಮುಗಿಯುವುದರೊಳಗೆ ಬೇಡದ್ದನ್ನೂ ಬುಟ್ಟಿಗೆ ಹಾಕುತ್ತೇವೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಕಡಿಮೆ ಬೆಲೆಗೆ ಬಂದ ಆ ಹತ್ತು ರೂಪಾಯಿ ಯಾರ ಅಕ್ಕಿ ಎಂದು ನಮ್ಮ ಮನೆಯ ಲಕ್ಕಮ್ಮಂದಿರಾದರೂ ಕೇಳುವುದು ಬೇಡವೇ?

ಮನೆಯ ಮಾತು ಬಿಡಿ, ಸಂಸ್ಥೆಯ ಮಾತಿಗೆ ಬರುತ್ತೇನೆ. ನಮ್ಮ ಸಮಾಜದ ಒಂದು ಸಂಸ್ಥೆ ಪ್ರಸಾದ ನಿಲಯಕ್ಕೆ ಹೊಸ ಕೋಣೆಗಳನ್ನು ಕಟ್ಟಿಸುವಾಗ ನನ್ನನ್ನು ಕಟ್ಟಡ ಸಮಿತಿಗೆ ಸೇರಿಸಿತ್ತು. ಬಿಜಾಗರಿ, ಚಿಲಕ, ಬೀಗಗಳಿಗೆ ಊರಿನ ಅಂಗಡಿಯವರು ದರಪಟ್ಟಿ ಕೊಟ್ಟರು. ಸಭೆಯಲ್ಲೇ ಒಬ್ಬ ಸದಸ್ಯರು ಫೋನು ತೆಗೆದು, "ಇಲ್ಲಿ ನೂರಕ್ಕೆ ಹನ್ನೆರಡು ರೂಪಾಯಿ ಕಡಿಮೆ" ಎಂದರು. ಐದು ನಿಮಿಷದಲ್ಲಿ ತೀರ್ಮಾನವಾಯಿತು, ಅಂದೇ ಸಂಜೆ ಪೂರ್ತಿ ಹಣ ಹೋಯಿತು. ಸೆಂಟ್ರಿಂಗ್ ಕೆಲಸಕ್ಕೆಂದು ಅದೇ ಅಂಗಡಿಯಿಂದ ತಂದಿದ್ದ ಮೊಳೆ, ತಂತಿ, ಪ್ಲೈವುಡ್ಡಿನ ಬಾಕಿ ಮಾತ್ರ ಏಳು ತಿಂಗಳಿಂದ ಹಾಗೇ ಇತ್ತು. ನಾನು ಅದನ್ನು ಎತ್ತಿದಾಗ, "ಅವರು ಬೇಕಾದವರೇ, ಕಾಯ್ತಾರೆ ಬಿಡಿ" ಎಂಬ ಉತ್ತರ ಬಂತು. ನಾನು ಲಿಖಿತವಾಗಿ ಆಕ್ಷೇಪ ಕೊಟ್ಟೆ, ಬಾಕಿ ತೀರಿತು, ಖರೀದಿ ಮಾತ್ರ ಬದಲಾಗಲಿಲ್ಲ.

ಬಂಧುಗಳೇ, ಆ ಹನ್ನೆರಡು ರೂಪಾಯಿಯ ಲೆಕ್ಕ ಅರೆಲೆಕ್ಕ. ಏಳು ತಿಂಗಳ ಉದ್ರಿಗೆ ಬಡ್ಡಿ ಯಾರು ಕಟ್ಟಿದರು? ಅಂಗಡಿಯವನು ಬ್ಯಾಂಕಿಗೆ ಕಟ್ಟಿದ. ಅದೇ ಹಣವನ್ನು ಮುಂಗಡವಾಗಿ ಅವನಿಗೆ ಕೊಟ್ಟಿದ್ದರೆ ಅವನೂ ದರ ಇಳಿಸಬಲ್ಲವನಾಗಿದ್ದ. ಮುಖ ಕಾಣದ ಕಂಪನಿಗೆ ಮುಂಗಡ, ಮುಖ ಕಂಡವನಿಗೆ ಉದ್ರಿ. ಆಮೇಲೆ ಕಂಪನಿಯೇ ಅಗ್ಗ ಎಂಬ ತೀರ್ಪು. ಇದು ಸತ್ಯಶುದ್ಧ ತಕ್ಕಡಿಯಲ್ಲ. ಕಾನೂನಿನ ಆಸರೆಯೂ ಅವನಿಗಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉತ್ಪಾದಕರ ಬಾಕಿಯನ್ನು ಹೆಚ್ಚೆಂದರೆ 45 ದಿನದಲ್ಲಿ ತೀರಿಸಬೇಕು. 2021ರಲ್ಲಿ ಚಿಲ್ಲರೆ ವ್ಯಾಪಾರಿಗಳನ್ನೂ ನೋಂದಣಿಗೆ ಸೇರಿಸಿಕೊಂಡರು. ಆದರೆ ಅವರಿಗೆ ಕೊಟ್ಟ ಸೌಲಭ್ಯ ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತ. ಕಾನೂನು ಕಾಯದವನನ್ನು ಧರ್ಮವಾದರೂ ಕಾಯಬೇಕು. ದಾಸೋಹಕ್ಕೆ ಅಕ್ಕಿ ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಸಂಸ್ಥೆಗಳು ಮೊಳೆ ಕೊಟ್ಟವನ ಬಾಕಿಯನ್ನು ಕಡತದಲ್ಲಿ ಹೂಳಬಾರದು.

ಎದುರು ವಾದಗಳನ್ನೂ ಕೇಳಿದ್ದೇನೆ. ಅಂಗಡಿಯವರೇನು ಸಾಚಾಗಳೇ ಎನ್ನುತ್ತಾರೆ. ಎಲ್ಲರೂ ಅಲ್ಲ. ಬಿಲ್ಲು ಕೊಡದವರಿದ್ದಾರೆ, ಮುಖ ನೋಡಿ ದರ ಹೇಳುವವರಿದ್ದಾರೆ, ನಕಲಿ ಬ್ರ್ಯಾಂಡನ್ನು ಅಸಲಿ ಎಂದು ಕೊಡುವವರಿದ್ದಾರೆ. ಹೆಣ್ಣುಮಕ್ಕಳು ಹೋಗಿ ಏನಾದರೂ ಕೇಳಿದರೆ ಉತ್ತರ ಕೊಡದೆ, ಮನೆಯ ಗಂಡಸರನ್ನು ಕಳಿಸಿ ಎನ್ನುವವರೂ ಇದ್ದಾರೆ. ಇಂಥ ಅಂಗಡಿ ಉಳಿಯಬೇಕೆಂದು ನಾನು ಕೇಳುತ್ತಿಲ್ಲ. ಕಾಯಕ ಸತ್ಯಶುದ್ಧವಾಗಿರಬೇಕೆಂಬ ಮಾತು ವ್ಯಾಪಾರಕ್ಕೂ ಸಲ್ಲುತ್ತದೆ. ಆನ್‌ಲೈನಿನಿಂದ ಯುವ ಬಡಗಿಗಳಿಗೆ ಒಳ್ಳೆಯದೂ ಆಗಿದೆ. ನಮ್ಮ ಪೇಟೆಯಲ್ಲಿ ಎಂದೂ ಸಿಗದಿದ್ದ ರೌಟರ್ ಯಂತ್ರದ ಮೊನೆಗಳು, ಒಳ್ಳೆಯ ಹಿಡಿಕಟ್ಟುಗಳು ಈಗ ಅವರ ಮನೆಗೆ ಬರುತ್ತವೆ. ಅದನ್ನು ಬೇಡವೆನ್ನುವುದು ಮೂರ್ಖತನ. ಊರಿನಲ್ಲಿ ಸಿಗದ್ದನ್ನು ಹೊರಗಿನಿಂದ ತರಿಸಿ; ಸಿಗುವುದನ್ನು ತರಿಸುವುದಕ್ಕೆ ನನ್ನ ತಕರಾರು.

ಎಲ್ಲ ತಪ್ಪನ್ನೂ ಫೋನಿನ ಮೇಲೆ ಹಾಕುವುದೂ ನ್ಯಾಯವಲ್ಲ. 1996ರ ಡಿಸೆಂಬರ್ 12ರ ಸುಪ್ರೀಂ ಕೋರ್ಟ್ ಆದೇಶದ ನಂತರ ಕಾಡಿನ ಮರಕ್ಕೂ ಸಾಮಿಲ್ಲುಗಳಿಗೂ ಕಟ್ಟುಪಾಡು ಬಿಗಿಯಾಯಿತು, ಕಾಡಿನ ಹಿತಕ್ಕೆ ಅದು ಬೇಕಾಗಿಯೂ ಇತ್ತು. ಅಲ್ಯುಮಿನಿಯಂ ಕಿಟಕಿ, ಪ್ಲಾಸ್ಟಿಕ್ ಬಾಗಿಲು, ಫೈಬರ್ ದೋಣಿ ಬಂದವು. ಇಷ್ಟೆಲ್ಲ ಏಟು ತಿಂದೂ ನಿಂತಿದ್ದ ಅಂಗಡಿಗೆ ಕೊನೆಯ ಏಟನ್ನು ನಾವು ಕೊಡಬಾರದು ಎಂಬುದಷ್ಟೇ ನನ್ನ ಮಾತು.

ಇನ್ನೊಂದು ಮಾತು ಕೇಳಿಬಂತು, ಅದಕ್ಕೆ ಖಡಾಖಂಡಿತ ಉತ್ತರ ಕೊಡಲೇಬೇಕು: "ಕಾರವಾರದ ಕಡೆ ನಮ್ಮವರ ಅಂಗಡಿ ಎಷ್ಟಿವೆ? ನಮಗೇಕೆ ಈ ಚಿಂತೆ?" ನಿಜ, ಇಲ್ಲಿ ನಾವು ಕಡಿಮೆ. ಅಂಗಡಿ ನಡೆಸುವವರು ಕೊಂಕಣಿಗರು, ಗುಜರಾತಿಗಳು, ಮುಸ್ಲಿಮರು, ಇನ್ನೂ ಹಲವರು. ಉಳಿ ಹಿಡಿದವರಲ್ಲಿ ಆಚಾರಿಗಳು ಹೆಚ್ಚು. ಆದರೆ 'ನಮ್ಮವರು' ಎಂಬ ಪದಕ್ಕೆ ಬಸವಾದಿ ಶರಣರು ಕೊಟ್ಟ ಅರ್ಥ ಯಾವುದು? ಬಾಚಿ, ಬಿದಿರು, ಹಗ್ಗ, ಹುಟ್ಟು ಹಿಡಿದು ಬಂದವರನ್ನೆಲ್ಲ ಒಂದೇ ಮಂಟಪದಲ್ಲಿ ಕೂರಿಸಿದ ಪರಂಪರೆ ನಮ್ಮದು. ಕಾಯಕ ಮಾಡುವವನು ನಮ್ಮವನು. ಜಾತಿ ನೋಡಿ ಮೊಳೆ ಕೊಳ್ಳುವವನು ಎಷ್ಟೇ ವಿಭೂತಿ ಧರಿಸಿದರೂ ಅವನಿಗೂ ಅನುಭವ ಮಂಟಪಕ್ಕೂ ಸಂಬಂಧವಿಲ್ಲ.

2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು, ಸರ್ಕಾರಿ ಕಚೇರಿಗಳಲ್ಲಿ ಅವರ ಭಾವಚಿತ್ರ ಬಂತು. ನಾವೆಲ್ಲ ಹೆಮ್ಮೆಪಟ್ಟೆವು. ನಮ್ಮ ಸಂಸ್ಥೆಗಳಲ್ಲಿ ಆ ಚಿತ್ರಕ್ಕೆ ಹಾಕಿದ ಚೌಕಟ್ಟು ಎಲ್ಲಿ ತಯಾರಾಯಿತು ಎಂದು ಒಮ್ಮೆ ತಿರುಗಿಸಿ ನೋಡಿ. ಮರದಂತೆ ಕಾಣುವ ಪ್ಲಾಸ್ಟಿಕ್ ಪಟ್ಟಿಯೊಳಗೆ ಕಾಯಕದ ಗುರುವನ್ನು ಕೂರಿಸಿ, ಬೀದಿಯ ಬಡಗಿಯನ್ನು ಖಾಲಿ ಕೂರಿಸುವುದು ಎಂಥ ಪೂಜೆ?

ಮಾಡಬೇಕಾದದ್ದು ಕಷ್ಟವಲ್ಲ. ಪೂಜ್ಯರ ಮುಂದೆ, ಸಂಸ್ಥೆಗಳ ಮುಂದೆ ನಾಲ್ಕು ಸಲಹೆ ಇಡುತ್ತೇನೆ.

ಮೊದಲನೆಯದು, ಮಠ, ಪ್ರಸಾದ ನಿಲಯ, ಶಾಲೆ, ಕಲ್ಯಾಣ ಮಂಟಪಗಳ ಬಡಗಿ ಸಾಮಾನನ್ನು ಮೊದಲು ತಾಲ್ಲೂಕಿನೊಳಗೆ ಕೇಳಬೇಕು. ಅದೇ ದರ್ಜೆಯ ಸಾಮಾನಿಗೆ ನೂರಕ್ಕೆ ಹತ್ತರವರೆಗೆ ವ್ಯತ್ಯಾಸವಿದ್ದರೆ ಊರಿನಲ್ಲೇ ಕೊಳ್ಳಬೇಕು. ಕಣ್ಣಿಗೆ ಕಾಣದಿದ್ದರೂ ಆ ಹತ್ತು ರೂಪಾಯಿಯೂ ದಾಸೋಹವೇ.

ಎರಡನೆಯದು, ಯಾವ ಅಂಗಡಿಯ ಬಾಕಿಯೂ 30 ದಿನ ದಾಟಬಾರದು. ಬಾಕಿ ಪಟ್ಟಿಯನ್ನು ಪ್ರತಿ ತಿಂಗಳ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಓದಲು ನಾಚಿಕೆಯಾದರೆ ತೀರಿಸಲು ಮನಸ್ಸು ಬರುತ್ತದೆ.

ಮೂರನೆಯದು ಅಂಗಡಿಯವರಿಗೆ. ಬಿಲ್ಲು ಕೊಡಿ, ದರ ಬರೆದು ತೂಗುಹಾಕಿ, ಡಬ್ಬಿಯ ಮೇಲೆ ದರ್ಜೆ ಬರೆಯಿರಿ, ಯಾರು ಬಂದು ಕೇಳಿದರೂ ಗೌರವದಿಂದ ಉತ್ತರಿಸಿ. ವಾಟ್ಸಾಪಿನಲ್ಲಿ ಪಟ್ಟಿ ಬಂದರೆ ಸಂಜೆಯೊಳಗೆ ಸಾಮಾನು ಕಳಿಸಿ. ಕಾರವಾರದಿಂದ ಅಂಕೋಲಾಕ್ಕೆ ಸುಮಾರು 35 ಕಿಲೋಮೀಟರ್. ಎರಡೂ ಪೇಟೆಯವರು ತಮ್ಮ ದಾಸ್ತಾನಿನ ಪಟ್ಟಿಯನ್ನು ಹಂಚಿಕೊಂಡರೆ, ಅಪರೂಪದ ಸಾಮಾನನ್ನು ಇಬ್ಬರೂ ಇಡಬೇಕಾಗಿಲ್ಲ. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಿಂದ ಅಂದೇ ಬಸ್ಸಿನಲ್ಲಿ ಬರುತ್ತದೆ. ಇಷ್ಟು ವೇಗ ಯಾವ ಕಂಪನಿಗೂ ಈ ಗುಡ್ಡ-ಹೊಳೆಗಳ ನಾಡಿನಲ್ಲಿ ಸಾಧ್ಯವಿಲ್ಲ.

ನಾಲ್ಕನೆಯದು ಸರ್ಕಾರಕ್ಕೆ ನಾವು ಒತ್ತಾಯಿಸಬೇಕಾದದ್ದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ದೋಣಿ ಕಟ್ಟುವವರು ಸೇರಿ 18 ಕಸುಬುಗಳಿವೆ. ಹತಾರಗಳಿಗಾಗಿ 15,000 ರೂಪಾಯಿವರೆಗೆ ಇ-ವೋಚರ್ ಕೊಡುತ್ತಾರೆ. ಒಳ್ಳೆಯ ಯೋಜನೆ. ಬಡಗಿ ಆ ವೋಚರನ್ನು ತನ್ನ ಊರಿನ ಅಂಗಡಿಗೇ ಒಯ್ದು, ಉಳಿಯನ್ನು ಕೈಯಲ್ಲಿ ತೂಗಿ ನೋಡಿ ಆರಿಸಿಕೊಳ್ಳುವಂತಾಗಬೇಕು. ಆಗ ಒಂದೇ ಹಣದಲ್ಲಿ ಇಬ್ಬರ ಕಾಯಕ ಉಳಿಯುತ್ತದೆ.

ನಮ್ಮ ಜಿಲ್ಲೆಯ ಉಳವಿಯಲ್ಲಿ ಚೆನ್ನಬಸವಣ್ಣನವರು ಐಕ್ಯರಾದರು. ಪ್ರತಿವರ್ಷ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಭಕ್ತರು ಚಕ್ಕಡಿ ಕಟ್ಟಿಕೊಂಡು ಕಾಡಿನ ದಾರಿಯಲ್ಲಿ ಬರುತ್ತಾರೆ. ಆ ಚಕ್ಕಡಿಯ ಗಾಲಿಯನ್ನು ಒಬ್ಬ ಬಡಿಗ ಕೆತ್ತಿದ್ದಾನೆ, ಅದರ ಕಬ್ಬಿಣದ ಪಟ್ಟಿಯನ್ನು ಒಬ್ಬ ಕಮ್ಮಾರ ಕಾಯಿಸಿ ಬಿಗಿದಿದ್ದಾನೆ. ಕೀಲು ಸಡಿಲಾದರೆ ದಾರಿಯಲ್ಲೇ ರಿಪೇರಿ ಮಾಡುವವರು ಬೇಕು, ಅವರ ಕೈಗೆ ಹತಾರ ಬೇಕು. ಈ ಸಲ ಉಳವಿಗೆ ಹೋಗುವ ಮುಂಚೆ ನಿಮ್ಮ ಊರಿನ ಬಡಗಿ ಸಾಮಾನಿನ ಅಂಗಡಿಗೆ ಹೋಗಿ ಹಳೆಯ ಬಾಕಿ ಎಷ್ಟಿದೆ ಕೇಳಿ. ಅದನ್ನು ತೀರಿಸಿ ಬಂಡಿ ಹತ್ತಿ.